ಅತ್ತಿಗೆಯ ಜರಡಿ

ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ಬಹಳ ದೊಡ್ಡವರಾದ ಕಂಪನಿಯ ಯಜಮಾನರೂ ಹಾಗೆಯೇ ಕರೆಯುತ್ತಿದ್ದರು. ಇದಕ್ಕೆಲ್ಲ ಕಾರಣ ಅವರ ನಾದಿನಿ. ಗಂಡನ ತಂಗಿಯನ್ನು ಅತ್ತಿಗೆಯೇ ಯಜಮಾನರ ಹತ್ತಿರ ಹೇಳಿ ಕೆಲಸಕ್ಕೆ ಸೇರಿಸಿದ್ದರು. ಸೇರಿದ ಮೊದಲ ದಿನವೇ ಅವಳು ಕೋಣೆಯ ಆ ತುದಿಯಿಂದ, "ಅತ್ತಿಗೇ, ಇಲ್ಲಿ ಟೀ ಎಲ್ಲಿ ಸಿಗುತ್ತೆ?" ಎಂದು ಕೂಗಿದಳು. ಅತ್ತಿಗೆ ಎದ್ದು ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ, "ಇದು ಮನೆಯಲ್ಲ. ಆಫೀಸಲ್ಲಿ ಮೇಡಂ ಅನ್ನು," ಎಂದರು. "ಆಯ್ತು ಅತ್ತಿಗೆ," ಎಂದಳು ಅವಳು. ಮಧ್ಯಾಹ್ನದ ಹೊತ್ತಿಗೆ ಅವರು ಇಡೀ ಕಚೇರಿಗೆ ಅತ್ತಿಗೆಯಾಗಿದ್ದರು, ಅವಳು ಎಲ್ಲರಿಗೂ ನಾದಿನಿಯಾಗಿದ್ದಳು.

ನಾನು ಅಲ್ಲಿ ಫೋನು ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ನಮ್ಮದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಮೆಟ್ಟಿಲು ಹತ್ತುವಾಗ ಹೊಸ ಫೋಮಿನ ವಾಸನೆ ಮೂಗಿಗೆ ಬಡಿಯುತ್ತದೆ. ಮೂತ್ರಪಿಂಡ ಕೆಟ್ಟವರನ್ನು ಮನೆಯಿಂದ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ಮುಗಿದ ಮೇಲೆ ಮನೆಗೆ ಬಿಡುವ ವ್ಯಾನುಗಳು ನಮ್ಮ ಊರಿನಲ್ಲಿ ಇವೆ. ಯಾವ ವ್ಯಾನು ಯಾವ ಬೀದಿಗೆ ಹೋಗಬೇಕು, ಯಾರನ್ನು ಮೊದಲು ಹತ್ತಿಸಿಕೊಳ್ಳಬೇಕು ಎಂದು ತೀರ್ಮಾನಿಸುವ ಸಾಫ್ಟ್‌ವೇರ್ ನಮ್ಮದು. ಪ್ರತಿ ಸಂಜೆ ಅದು ಮರುದಿನದ ಪಟ್ಟಿ ಕಟ್ಟಿ ಡ್ರೈವರುಗಳ ಫೋನಿಗೆ ಕಳಿಸುತ್ತದೆ. ಎಲ್ಲಾದರೂ ಎಡವಟ್ಟಾದರೆ ಬೈಸಿಕೊಳ್ಳುವವರು ಫೋನಿನ ಹತ್ತಿರ ಕೂತ ನಾವು.

ಅತ್ತಿಗೆ, ನಾದಿನಿ ಇಬ್ಬರೂ ಈ ಸಾಫ್ಟ್‌ವೇರಿನ ಕೋಡು ಬರೆಯುವವರು. ಆದರೆ ಒಬ್ಬರ ರೀತಿ ಇನ್ನೊಬ್ಬರಿಗಿಲ್ಲ. ಅತ್ತಿಗೆ ಒಂದು ಸಾಲು ಬರೆದು, ಕನ್ನಡಕ ತೆಗೆದು ಒರೆಸಿ, ಅದೇ ಸಾಲನ್ನು ಇನ್ನೊಮ್ಮೆ ಓದುವವರು. ನಾದಿನಿಯ ಬೆರಳುಗಳ ಸದ್ದಿಗೆ ನನಗೆ ಫೋನಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಮದುವೆಯ ಗೊಡವೆಯೇ ಬೇಡವೆಂದು ಅವಳು ಅಣ್ಣನ ಮನೆಯ ಮೇಲಂತಸ್ತಿನಲ್ಲಿ ಒಬ್ಬಳೇ ಇದ್ದಳು. ಕೆಳಗೆ ಅಣ್ಣ, ಅತ್ತಿಗೆ, ಅಮ್ಮ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸಿನಲ್ಲಿ ಕೂತು ನಾದಿನಿ ಆ ದಿನ ಬರೆದದ್ದನ್ನು ಅತ್ತಿಗೆ ಓದುತ್ತಿದ್ದರು. ನಾನೂ ಸ್ವಲ್ಪ ದೂರ ಅದೇ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಆ ಜಗಳ ನನಗೆ ಬಾಯಿಪಾಠವಾಗಿತ್ತು. "ಇದೇನೇ ಇದು, ಈ ಹೆಸರು ಓದಿದ್ರೆ ಯಾರಿಗಾದ್ರೂ ಅರ್ಥ ಆಗುತ್ತಾ?" "ನಿಮಗೆ ಆಯ್ತಲ್ಲ ಅತ್ತಿಗೆ, ಅಷ್ಟು ಸಾಕು." "ನಾನು ಸತ್ತ ಮೇಲೆ?" "ನೀವು ಸಾಯೋಷ್ಟರಲ್ಲಿ ಕಂಪ್ಯೂಟರೇ ಇರಲ್ಲ ಬಿಡಿ." ಹೀಗೆ ಜಗಳವಾಡುತ್ತಲೇ ಇಬ್ಬರೂ ತಪ್ಪು ಹುಡುಕಿ ತಿದ್ದಿಬಿಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಬ್ಯಾಗು ಕೆಳಗಿಡುವ ಮುಂಚೆಯೇ ಫೋನು ಹೊಡೆದುಕೊಳ್ಳುತ್ತಿತ್ತು. ಒಬ್ಬ ಡ್ರೈವರು. "ಏನ್ರೀ ಇದು, ನಾನು ಬಂದ ಮನೆ ಮುಂದೆ ಆಗಲೇ ಮೂರು ವ್ಯಾನ್ ನಿಂತಿದೆ. ಇನ್ನೂ ಬರ್ತಾ ಇವೆ. ಇಲ್ಲಿ ಇಷ್ಟು ಜನ ಪೇಷಂಟ್ ಇದ್ದಾರಾ?" ವಿಳಾಸ ಕೇಳಿದೆ. ಅದು ಅತ್ತಿಗೆಯ ಮನೆಯ ವಿಳಾಸ! ಹಿಂದಿನ ದಿನ ಏನನ್ನೋ ಪರೀಕ್ಷಿಸಲು ನಾದಿನಿ ಎಲ್ಲ ರೋಗಿಗಳ ಜಾಗದಲ್ಲೂ ತನ್ನ ಮನೆಯ ವಿಳಾಸ ಬರುವಂತೆ ಒಂದು ಸಾಲು ಸೇರಿಸಿದ್ದಳು. ತೆಗೆಯುವುದನ್ನು ಮರೆತು ಹಾಗೆಯೇ ಒಳಗೆ ಸೇರಿಸಿಬಿಟ್ಟಿದ್ದಳು. ಆ ಹಿಂದಿನ ದಿನ ಅತ್ತಿಗೆ ರಜೆಯ ಮೇಲೆ ಇದ್ದುದರಿಂದ ಬಸ್ಸಿನಲ್ಲಿ ಓದುವವರೂ ಇರಲಿಲ್ಲ. ಊರಿನ ವ್ಯಾನುಗಳೆಲ್ಲ ಸಾಲಾಗಿ ಬಂದು ಅವರ ಬೀದಿಯಲ್ಲಿ ನಿಂತವು. ಅತ್ತಿಗೆಯ ಅತ್ತೆ ಗೇಟಿನ ಹತ್ತಿರ ನಿಂತು, "ನಮ್ಮ ಮನೇಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೀವಿ, ಹೋಗ್ರಪ್ಪಾ," ಎಂದು ಡ್ರೈವರುಗಳನ್ನು ಬೈದು ಅಟ್ಟುತ್ತಿದ್ದರಂತೆ.

ಕಚೇರಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನಾದಿನಿಯೂ ನಕ್ಕಳು. ಅತ್ತಿಗೆ ಮಾತ್ರ ನಗಲಿಲ್ಲ. ಆ ಬೆಳಿಗ್ಗೆ ಸೂಜಿಗೆ ಕೈ ಒಡ್ಡಬೇಕಾಗಿದ್ದವರೆಲ್ಲ ತಡವಾಗಿ ಆಸ್ಪತ್ರೆ ಮುಟ್ಟಿದ್ದರು. ಒಬ್ಬಾಕೆ ವ್ಯಾನು ಹತ್ತುವಾಗಲೇ ತಲೆ ಸುತ್ತಿ ಬಿದ್ದಿದ್ದರು. "ನಗೋ ವಿಷಯ ಅಲ್ಲ ಇದು," ಎಂದು ಅತ್ತಿಗೆ ತಮ್ಮ ಕುರ್ಚಿಗೆ ಹೋಗಿ ಕೂತರು. ಆ ವಾರವೆಲ್ಲ ಅವರು ಒಂದೇ ಕೆಲಸದ ಹಿಂದೆ ಬಿದ್ದರು.

ಅವರು ಮಾಡಿದ್ದು ಇಷ್ಟು. ಬರೆದ ಕೋಡನ್ನು ಎಲ್ಲರಿಗೂ ಸೇರಿದ ಉಗ್ರಾಣಕ್ಕೆ ಒಪ್ಪಿಸುವುದನ್ನು ಆ ಕೆಲಸದವರು ಕಮಿಟ್ ಎನ್ನುತ್ತಾರೆ. ಒಪ್ಪಿಸುವ ಗುಂಡಿ ಒತ್ತಿದ ಕೂಡಲೇ, ಅದು ಒಳಗೆ ಹೋಗುವ ಮೊದಲು, ಯಂತ್ರವೇ ತಾನಾಗಿ ಒಂದಿಷ್ಟು ಪರೀಕ್ಷೆ ಮಾಡುವಂತೆ ಅತ್ತಿಗೆ ಏರ್ಪಾಡು ಮಾಡಿದರು. ಪರೀಕ್ಷೆಗೆಂದು ಬರೆದ ಸಾಲು ಉಳಿದುಬಿಟ್ಟಿದೆಯೇ, ಹಳೆಯ ಲೆಕ್ಕಗಳು ಈಗಲೂ ಸರಿಬರುತ್ತವೆಯೇ, ಗುಟ್ಟಿನ ಪಾಸ್‌ವರ್ಡ್ ಯಾರಾದರೂ ಕೋಡಿನಲ್ಲೇ ಬರೆದುಬಿಟ್ಟಿದ್ದಾರೆಯೇ, ಹೀಗೆ. ಎಲ್ಲ ಸರಿಯಿದ್ದರೆ ಹಸಿರು ಟಿಕ್ಕು. ಇಲ್ಲದಿದ್ದರೆ ಕೆಂಪು ಸಾಲು, ಒಳಗೆ ಪ್ರವೇಶವಿಲ್ಲ. ನಾದಿನಿಯೇ ಅದಕ್ಕೆ ಜರಡಿ ಎಂದು ಹೆಸರಿಟ್ಟಳು. "ಅತ್ತಿಗೆ ಜರಡಿ ಹಿಡಿದು ಬಾಗಿಲಲ್ಲಿ ಕೂತಿದ್ದಾರೆ, ಕಲ್ಲು ಕಡ್ಡಿ ಇಟ್ಕೊಂಡು ಬರಬೇಡಿ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಜರಡಿ ಒಳ್ಳೆಯದನ್ನೇ ಮಾಡಿತು. ಅದನ್ನು ಅಲ್ಲಗಳೆಯಲಾರೆ. ಮೊದಲ ತಿಂಗಳಲ್ಲೇ ಎಷ್ಟೋ ತಪ್ಪುಗಳು ಬಾಗಿಲಲ್ಲೇ ಸಿಕ್ಕಿಬಿದ್ದವು. ನನ್ನ ಫೋನಿಗೆ ಉಸಿರಾಡುವಷ್ಟು ಬಿಡುವು ಸಿಕ್ಕಿತು. ಯಜಮಾನರು ಅತ್ತಿಗೆಯನ್ನು ಕರೆದು ಎಲ್ಲರ ಮುಂದೆ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಅಂದಿನಿಂದ ಅತ್ತಿಗೆಗೆ ಜರಡಿಯ ಕಣ್ಣು ಇನ್ನೂ ಚಿಕ್ಕದು ಮಾಡುವ ಹಂಬಲ ಹತ್ತಿತು. ಎಲ್ಲಿ ಏನು ಎಡವಟ್ಟಾದರೂ ಒಂದು ಹೊಸ ನಿಯಮ. ಸಾಲು ಇಷ್ಟು ಅಗಲ ಮೀರಬಾರದು. ಹೆಸರುಗಳು ಹೀಗೇ ಇರಬೇಕು. ವಿವರಣೆಯ ಕೊನೆಯಲ್ಲಿ ಚುಕ್ಕಿ ಇರಬೇಕು. ಖಾಲಿ ಸಾಲು ಒಂದಿರಬಹುದು, ಎರಡಿರಬಾರದು. ಜರಡಿ ಓಡುವಷ್ಟರಲ್ಲಿ ಜನ ಕೆಳಗಿಳಿದು ಟೀ ಕುಡಿದು ಬರುವ ಹಾಗಾಯಿತು. ಬಂದು ನೋಡಿದರೆ ಚುಕ್ಕಿ ಇಲ್ಲವೆಂದು ಕೆಂಪು.

ಜರಡಿಯನ್ನು ತಪ್ಪಿಸಿ ಒಳಗೆ ನುಸುಳುವುದಕ್ಕೂ ಒಂದು ದಾರಿ ಇತ್ತು. ಕಮಿಟ್ ಮಾಡುವಾಗ ಒಂದು ಪದ ಜಾಸ್ತಿ ಟೈಪು ಮಾಡಿದರೆ ಪರೀಕ್ಷೆ ನಡೆಯುತ್ತಿರಲಿಲ್ಲ. ಅವಸರದ ಕೆಲಸಕ್ಕೆಂದು ಅತ್ತಿಗೆ ಮೊದಲು ಅದನ್ನು ಬಿಟ್ಟಿದ್ದರು. ನಾದಿನಿ ಅದನ್ನು ಸಲೀಸಾಗಿ ಬಳಸತೊಡಗಿದ ಮೇಲೆ ಅದನ್ನೂ ಮುಚ್ಚಿದರು. ಸಾಲದ್ದಕ್ಕೆ ಗೋಡೆಯ ಮೇಲೆ ಒಂದು ಟಿ.ವಿ. ತೂಗುಹಾಕಿಸಿದರು. ಯಾರ ಕೋಡನ್ನು ಜರಡಿ ಎಷ್ಟು ಸಲ ತಡೆಯಿತು ಎಂದು ಅದು ದಿನವಿಡೀ ತೋರಿಸುತ್ತಿತ್ತು. ಮೇಲ್ಗಡೆಯ ಜಾಗ ನಾದಿನಿಗೆ ಕಾಯಂ. ಮೊದಮೊದಲು ಅವಳು, "ನೋಡಿ, ಫಸ್ಟ್ ರ‍್ಯಾಂಕು," ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದಳು. ಆಮೇಲೆ ಆ ಗೋಡೆಗೆ ಬೆನ್ನು ಹಾಕಿ ಕೂರುವ ಹಾಗೆ ಮೇಜು ತಿರುಗಿಸಿಕೊಂಡಳು.

ಬಸ್ಸಿನಲ್ಲಿ ಓದುವುದು ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ. ಒಂದು ಸಂಜೆ ನಾದಿನಿ ಲ್ಯಾಪ್‌ಟಾಪು ತೆರೆದು, "ಅತ್ತಿಗೆ, ಇದೊಂಚೂರು ನೋಡ್ತೀರಾ?" ಎಂದಾಗ ಅವರು ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದರು. "ಜರಡಿ ದಾಟಿದೆ ತಾನೇ? ಮತ್ತೇನು ನೋಡೋದು," ಎಂದರು. ನಾದಿನಿ ಲ್ಯಾಪ್‌ಟಾಪು ಮುಚ್ಚಿದಳು. ಅವಳು ಮತ್ತೆ ಕೇಳಿದ್ದನ್ನು ನಾನು ನೋಡಲಿಲ್ಲ.

ಈಗ ನಮ್ಮ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದ ಒಂದು ಕೊರತೆಯ ವಿಷಯ ಹೇಳಬೇಕು. ರೋಗಿ ಆಸ್ಪತ್ರೆಗೆ ದಾಖಲಾದರೆ ಅವರ ಹೆಸರಿನ ಮೇಲೆ ತಡೆ ಬೀಳುತ್ತದೆ, ವ್ಯಾನು ಮನೆಗೆ ಹೋಗುವುದಿಲ್ಲ. ಬಿಡುಗಡೆಯಾದ ಮೇಲೆ ತಡೆ ತೆಗೆದು ಪಟ್ಟಿಗೆ ಸೇರುತ್ತಾರೆ. ಆದರೆ ಸಂಜೆ ಪಟ್ಟಿ ಕಟ್ಟಿದ ಮೇಲೆ ಬಿಡುಗಡೆಯಾದರೆ ಮರುದಿನದ ಪಟ್ಟಿಯಲ್ಲಿ ಅವರ ಹೆಸರಿರುತ್ತಿರಲಿಲ್ಲ. ಅಂಥವರನ್ನು ನಾವು ಫೋನಿನವರು ಕೈಯಿಂದಲೇ ಸೇರಿಸುತ್ತಿದ್ದೆವು. ಎಷ್ಟು ಕಾಲದಿಂದಲೋ ಹಾಗೇ ನಡೆದುಬಂದಿತ್ತು. ನಾದಿನಿ ಒಂದು ದಿನ ನನ್ನ ಪಕ್ಕ ಕೂತು ಅದನ್ನೆಲ್ಲ ಕೇಳಿ ತಿಳಿದುಕೊಂಡಳು. "ಇದನ್ನ ಇನ್ಮೇಲೆ ಯಂತ್ರವೇ ಮಾಡೋ ಹಾಗೆ ಮಾಡ್ತೀನಿ. ನೀವು ಆರಾಮಾಗಿರಿ," ಎಂದಳು.

ಅವಳು ಅದನ್ನು ಬರೆದು ಮುಗಿಸಿದ ಸಂಜೆ ನಾನು ಅಲ್ಲೇ ಇದ್ದೆ. ಮೇಲಂತಸ್ತಿನ ಅವಳ ಬಚ್ಚಲಿನಿಂದ ನೀರು ಸೋರಿ ಕೆಳಗೆ ಅತ್ತಿಗೆಯ ಅಡುಗೆಮನೆಯ ಛಾವಣಿ ಒದ್ದೆಯಾಗುತ್ತಿತ್ತು. ವಾರಗಟ್ಟಲೆ ಅಲೆಸಿ ಕೊನೆಗೂ ಪ್ಲಂಬರು ಅಂದು ಬರಲು ಒಪ್ಪಿದ್ದ. ಅವಳು ಅವಸರದಲ್ಲಿದ್ದಳು. ಕಮಿಟ್ ಮಾಡಿದಳು. ಟೀ ಕುಡಿಯುವಷ್ಟು ಹೊತ್ತು ಕಾದಳು. ಕೆಂಪು ಬಂತು. ಹಿಂದಿನ ವಾರವಷ್ಟೇ ಸೇರಿಸಿದ ಹೊಸ ನಿಯಮ: ಕೋಡಿನ ಒಂದು ಭಾಗ ಇಷ್ಟು ಸಾಲಿಗಿಂತ ಉದ್ದವಿರಬಾರದು. ಅವಳದ್ದು ಸ್ವಲ್ಪ ಉದ್ದವಾಗಿತ್ತು.

ಅವಳು ಎದ್ದು ಅತ್ತಿಗೆಯ ಮೇಜಿನ ಹತ್ತಿರ ಹೋದಳು.

"ಅತ್ತಿಗೆ, ಇವತ್ತೊಂದು ದಿನ ಬಿಟ್ಟುಬಿಡಿ. ನಾಳೆ ಬಂದು ಚೊಕ್ಕವಾಗಿ ತುಂಡು ಮಾಡ್ತೀನಿ."

ಅತ್ತಿಗೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಏನು ತಪ್ಪು ತೋರಿಸ್ತಾ ಇದೆ?"

"ತಪ್ಪೇನಿಲ್ಲ, ಉದ್ದ ಆಯ್ತಂತೆ."

"ಹಾಗಾದ್ರೆ ಗಿಡ್ಡ ಮಾಡು."

"ಪ್ಲಂಬರು ಕಾಯ್ತಿದ್ದಾನೆ ಅತ್ತಿಗೆ. ನಿಮ್ಮ ಛಾವಣಿಗೇ ಅಲ್ವಾ ಅವನು ಬಂದಿರೋದು? ಒಂದು ಸಲ ಕೋಡು ನೋಡಿ, ಸರಿಯಾಗೇ ಇದೆ. ನೀವು ಒಪ್ಪಿದ್ರೆ ಸೇರಿಸಬಹುದು."

"ನಾದಿನಿಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡು ಅಂತೀಯಾ? ನಾಳೆ ಎಲ್ಲರೂ ಬಂದು ಕೇಳ್ತಾರೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕತ್ತು ಒಂದಿಷ್ಟು ತಿರುಗಿಸಿ ಆ ಕೋಡು ಏನೆಂದು ಅವರು ನೋಡಲಿಲ್ಲ. ಅದು ಯಾವ ರೋಗಿಗೆ, ಯಾಕೆ ಎಂದೂ ಕೇಳಲಿಲ್ಲ. ನಾದಿನಿ ಮೂಗು ಮುರಿದು ತನ್ನ ಜಾಗಕ್ಕೆ ಬಂದಳು. ಒಂದನ್ನು ಎರಡು ತುಂಡು ಮಾಡಿದಳು. ಇತ್ತ ಪ್ಲಂಬರು ಫೋನಿನ ಮೇಲೆ ಫೋನು ಮಾಡುತ್ತಿದ್ದ. ಈ ಸಲ ಹಸಿರು ಟಿಕ್ಕು ಬಿತ್ತು. ಹಸಿರಾದ ಮೇಲೆ ಕೋಡು ಓದಿ ಕೊಡಬೇಕಾದ ಕೊನೆಯ ಒಪ್ಪಿಗೆ ಅತ್ತಿಗೆಯದು. ಹಸಿರು ಕಂಡದ್ದೇ ಅವರು ತಮ್ಮ ಕುರ್ಚಿಯಿಂದಲೇ ಒಪ್ಪಿಗೆ ಒತ್ತಿದರು. "ನೋಡಿದ್ಯಾ, ಎಷ್ಟು ಹೊತ್ತಿನ ಕೆಲಸ?" ಎಂದರು. ಅವಳು ಆಗಲೇ ಮೆಟ್ಟಿಲಿಳಿದಿದ್ದಳು.

ಮೊದಲು ಬರೆದದ್ದರಲ್ಲಿ ಹೆಸರಿನ ಮೇಲಿನ ತಡೆ ತೆಗೆದು, ಆಮೇಲೆ ಪಟ್ಟಿಗೆ ಸೇರಿಸುವ ಕ್ರಮವಿತ್ತು. ತುಂಡು ಮಾಡುವ ಗಡಿಬಿಡಿಯಲ್ಲಿ ಅದು ಹಿಂದುಮುಂದಾಯಿತು. ಪಟ್ಟಿಗೆ ಸೇರಿಸಲು ಹೋದಾಗ ತಡೆ ಇನ್ನೂ ಇರುತ್ತಿತ್ತು. ಯಂತ್ರ ತುಟಿ ಪಿಟಕ್ಕೆನ್ನದೆ ಆ ಹೆಸರನ್ನು ಬಿಟ್ಟು ಮುಂದೆ ಹೋಗುತ್ತಿತ್ತು, ಆಮೇಲೆ ತಡೆ ತೆಗೆಯುತ್ತಿತ್ತು. ಜರಡಿ ಎರಡು ತುಂಡುಗಳನ್ನೂ ಬೇರೆಬೇರೆಯಾಗಿ ನೋಡಿ ಎರಡೂ ಸರಿ ಎಂದಿತ್ತು. ಯಾವುದು ಮೊದಲು ಎನ್ನುವುದನ್ನು ನೋಡುವ ಕಣ್ಣು ಅದಕ್ಕಿರಲಿಲ್ಲ. ಇತ್ತ ನಾವು ಫೋನಿನವರು, ಇನ್ನು ಮೇಲೆ ಕೈಯಿಂದ ಸೇರಿಸುವುದು ಬೇಡವೆಂಬ ಸೂಚನೆ ಓದಿಕೊಂಡು, ಆ ಕೆಲಸ ಬಿಟ್ಟೆವು.

ಅದೇ ಸಂಜೆ, ಪಟ್ಟಿ ಕಟ್ಟಿದ ಮೇಲೆ, ಒಬ್ಬ ವಯಸ್ಸಾದ ದರ್ಜಿ ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದರು. ಸೋಂಕು ತಗುಲಿ ಬಹಳ ದಿನ ಮಲಗಿ ಸೊರಗಿದ್ದರು. ಮರುದಿನ ಬೆಳಿಗ್ಗೆ ಡಯಾಲಿಸಿಸ್ ಇತ್ತು. ಬ್ಯಾಗು ಹಿಡಿದು, ಮೆಟ್ಟಿಲಿಳಿದು, ಮನೆಯ ಕೆಳಗಿನ ಪುಟ್ಟ ಅಂಗಡಿಯ ಬಾಗಿಲಲ್ಲಿ ನಿಂತು ವ್ಯಾನಿಗೆ ಕಾದರು. ಮಗಳು ಕೆಲಸಕ್ಕೆ ಹೋಗಿಯಾಗಿತ್ತು. ವ್ಯಾನು ತಡವಾಗುವುದು ಹೊಸತಲ್ಲ ಎಂದುಕೊಂಡು ನಿಂತೇ ಇದ್ದರು. ಬಿಸಿಲು ಏರಿತು. ಕೊನೆಗೆ ಫೋನು ಮಾಡೋಣವೆಂದು ಮೇಲೆ ಹೋಗಲು ಮೆಟ್ಟಿಲು ಹತ್ತುತ್ತಿದ್ದಾಗ ಕಾಲು ಸೋತು ಬಿದ್ದರು. ಸೊಂಟದ ಮೂಳೆ ಮುರಿಯಿತು.

ಮಗಳ ಫೋನು ನನಗೇ ಬಂತು. "ನಿಮ್ಮ ಗಾಡಿಗೆ ಕಾಯ್ತಾ ಕಾಯ್ತಾ ನಮ್ಮಪ್ಪ ಬಿದ್ದಿದ್ದಾರೆ. ನಿಮಗೆ ಗೊತ್ತಾ? ಗೊತ್ತಿದೆಯಾ ನಿಮಗೆ?" ಎಂದು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ನನಗೆ ಗೊತ್ತಿರಲಿಲ್ಲ. ಆಗಲೇ ಗೊತ್ತಾಗಿದ್ದು.

ಯಜಮಾನರು ನಮ್ಮ ಮೂವರನ್ನೂ ತಮ್ಮ ಕೋಣೆಗೆ ಕರೆದರು. ಫೋನು ಬಂದದ್ದನ್ನು ಹೇಳಲೆಂದು ನನ್ನನ್ನು ಕರೆದದ್ದು. ಹೇಳಿ ಗೋಡೆಗೆ ಒರಗಿ ನಿಂತೆ.

"ಬರೆದೋರು ಯಾರು?" ಎಂದರು ಯಜಮಾನರು.

"ನಾನು ಸರ್," ಎಂದಳು ನಾದಿನಿ.

"ನೋಡಿ ಒಪ್ಪಿದೋರು?"

ಅತ್ತಿಗೆ ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ಪರೀಕ್ಷೆ ಎಲ್ಲಾ ಹಸಿರು ಬಂದಿತ್ತು ಸರ್," ಎಂದರು. ಆಮೇಲೆ, ಯಾರೂ ಕೇಳದಿದ್ದರೂ, "ಕೋಡು ಅವಳದು," ಎಂದು ಸೇರಿಸಿದರು.

ನಾದಿನಿ ಕತ್ತು ತಿರುಗಿಸಿ ಅವರನ್ನೇ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ಚೆನ್ನಾಗಿತ್ತು. ದಾರಿಯಲ್ಲಿ ಪರಿಚಯದವರೆಂದುಕೊಂಡು ಕೂಗಿದಾಗ ಬೇರೆ ಯಾರೋ ತಿರುಗಿದರೆ ನೋಡುತ್ತೇವಲ್ಲ, ಆ ರೀತಿ ನೋಡಿದಳು.

"ತಪ್ಪು ನನ್ನದೇ ಸರ್," ಎಂದಳು. "ಮೊದಲು ಬರೆದಿದ್ದು ಸರಿಯಿತ್ತು. ಉದ್ದ ಆಯ್ತು ಅಂತ ಜರಡಿ ತಡೀತು. ತುಂಡು ಮಾಡೋವಾಗ ಹಿಂದುಮುಂದಾಯ್ತು. ನಾನು ಇನ್ನೊಂದು ಸಲ ಓದಬೇಕಿತ್ತು."

ಯಜಮಾನರು ಅತ್ತಿಗೆಯ ಕಡೆ ತಿರುಗಿದರು. "ಹೌದಾ ಅತ್ತಿಗೆ? ಮೊದಲಿಂದು ಸರಿಯಿತ್ತಾ?"

ಅತ್ತಿಗೆ ಅದನ್ನು ನೋಡೇ ಇರಲಿಲ್ಲ. ನೋಡಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. "ನಿಯಮ ಎಲ್ಲರಿಗೂ ಒಂದೇ ಸರ್," ಎಂದರು.

ಯಜಮಾನರು ಕೆಟ್ಟವರಲ್ಲ, ಆದರೆ ಯಾರ ಮೇಲಾದರೂ ಹಾಕಲೇಬೇಕಿತ್ತು. ನಾದಿನಿಗೆ ಎಚ್ಚರಿಕೆಯ ಪತ್ರ ಕೊಟ್ಟು, ಪಟ್ಟಿಯ ಕೆಲಸದಿಂದ ತೆಗೆದು, ತಿಂಗಳ ವರದಿ ಮುದ್ರಿಸುವ ಕೆಲಸಕ್ಕೆ ಹಾಕಿದರು. ಅವಳು ಜಗಳವಾಡಲಿಲ್ಲ. ಬೆಳಿಗ್ಗೆ ಬರುವುದು, ವರದಿ ತೆಗೆಯುವುದು, ಹೋಗುವುದು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ರಾಜೀನಾಮೆ ಕೊಟ್ಟಳು. ಊರಿನ ಇನ್ನೊಂದು ತುದಿಯಲ್ಲಿ ಒಂದು ದೊಡ್ಡ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಅಲ್ಲೇ ಹತ್ತಿರ ಮನೆಯನ್ನೂ ನೋಡಿಕೊಂಡಳು.

ಮನೆ ಖಾಲಿ ಮಾಡುವ ದಿನ ಅತ್ತಿಗೆ ರಜೆ ಹಾಕಿ ಸಹಾಯಕ್ಕೆ ನಿಂತರಂತೆ. ಇದೆಲ್ಲ ಅವರೇ ಆಮೇಲೆ ನನಗೆ ಹೇಳಿದ್ದು. ಪಾತ್ರೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದರು. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು. ನಾದಿನಿ ಪ್ರತಿ ಪೆಟ್ಟಿಗೆಗೂ "ಥ್ಯಾಂಕ್ಸ್ ಅತ್ತಿಗೆ" ಎಂದಳು. "ಅಷ್ಟು ವರ್ಷ ಒಂದೇ ಮನೇಲಿದ್ವಿ. ಅವಳು ನನಗೆ ಥ್ಯಾಂಕ್ಸ್ ಹೇಳಿದ್ದನ್ನ ನಾನು ಕೇಳೇ ಇರಲಿಲ್ಲ," ಎಂದರು ಅತ್ತಿಗೆ ನನ್ನ ಹತ್ತಿರ. ಗೇಟಿನ ಹತ್ತಿರ ನಿಂತಿದ್ದ ಅತ್ತೆ, "ಮೇಲಿಂದ ಕೆಳಗೆ ಇಳಿದು ಬರೋಕೆ ಬೇಜಾರು ಅಂತಿದ್ದಳು, ಈಗ ಎರಡು ಬಸ್ ಹಿಡಿದು ಬರ್ತಾಳಂತೆ," ಎಂದು ಗೊಣಗುತ್ತಿದ್ದರು. ಮಗಳು ಯಾಕೆ ಹೋಗುತ್ತಿದ್ದಾಳೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಅವಳು ಹೋದ ಮೇಲೆ ಅತ್ತಿಗೆ ಒಂದು ದಿನ ನನ್ನ ಹತ್ತಿರ ಬಂದು ದರ್ಜಿಯ ಮನೆಯ ವಿಳಾಸ ಕೇಳಿದರು. "ಕಂಪನಿ ಪರವಾಗಿ ಹೋಗ್ತಿಲ್ಲ. ನಾನಾಗಿ ಹೋಗ್ತೀನಿ. ನೀವೂ ಬನ್ನಿ, ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ," ಎಂದರು. ಹೋದೆವು.

ಕೆಳಗೆ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಮೇಲೆ ಕಿಟಕಿಯ ಪಕ್ಕದ ಮಂಚದಲ್ಲಿ ದರ್ಜಿ ಒರಗಿ ಕೂತಿದ್ದರು. ಮಗಳು ನಮ್ಮನ್ನು ಒಳಗೆ ಬಿಟ್ಟಳು, ಕೂರಲು ಹೇಳಲಿಲ್ಲ. ಅತ್ತಿಗೆ ನಿಂತೇ ಎಲ್ಲವನ್ನೂ ಹೇಳಿದರು. ತಡೆ, ಪಟ್ಟಿ, ಹಸಿರು ಟಿಕ್ಕು, ಒಂದನ್ನೂ ಬಿಡಲಿಲ್ಲ. ದರ್ಜಿ ತಾಳ್ಮೆಯಿಂದ ಕೇಳುವ ಜಾಯಮಾನದವರಲ್ಲ. ಅರ್ಧದಲ್ಲೇ ಕೈ ಎತ್ತಿ ತಡೆದರು.

"ನನಗೆ ಅದೆಲ್ಲಾ ಅರ್ಥ ಆಗಲ್ಲಮ್ಮಾ. ಕಾಲು ಮಡಚೋಕೆ ಬರಲ್ಲ ಈಗ, ಯಂತ್ರ ತುಳಿಯೋಕೂ ಬರಲ್ಲ. ಮೋಟರಿನ ಯಂತ್ರ ತರಿಸ್ತೀನಿ ಅಂತಾಳೆ ಇವಳು. ಅದರ ಮುಂದೆ ಕೂರೋಕೂ ಸೊಂಟ ಬೇಕಲ್ಲ?" ಎಂದರು. ಆಮೇಲೆ, "ಅದನ್ನ ಬರೆದೋಳು ನೀನೇನಾ?" ಎಂದು ಕೇಳಿದರು.

"ಅಲ್ಲ. ನಾನು ನೋಡಿದವಳು," ಎಂದರು ಅತ್ತಿಗೆ. "ನೋಡಬೇಕಾಗಿದ್ದವಳು. ನೋಡಲಿಲ್ಲ."

"ಹೂಂ," ಎಂದರು ದರ್ಜಿ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಮಗಳು ಬಾಗಿಲ ಹತ್ತಿರ ಬಂದು ನಿಂತಳು. ನಾವು ಹೊರಟೆವು. ಮೆಟ್ಟಿಲು ಕಡಿದಾಗಿತ್ತು. ಇಳಿಯುವಾಗ ಅತ್ತಿಗೆ ಗೋಡೆ ಹಿಡಿದುಕೊಂಡೇ ಇಳಿದರು.

ಆ ಮಾತನ್ನು ಅವರು ಯಜಮಾನರ ಮುಂದೆಯೂ ಹೇಳಿದರು, ಮರುದಿನವೇ. ತಾವು ನೋಡದೆ ಒಪ್ಪಿದ್ದು, ಎಚ್ಚರಿಕೆಯ ಪತ್ರ ತಮಗೂ ಬರಬೇಕಿತ್ತು ಎಂದು. ಯಜಮಾನರು, "ಅದೆಲ್ಲ ಮುಗಿದ ಕಥೆ ಅತ್ತಿಗೆ, ಈಗ ಯಾಕೆ ಕೆದಕ್ತೀರಿ," ಎಂದು ಎದ್ದು ಹೋದರಂತೆ. ಮುಗಿದಿತ್ತು ನಿಜ. ನಾದಿನಿಯ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು.

ಜರಡಿಯನ್ನು ಅತ್ತಿಗೆ ಕಿತ್ತುಹಾಕಲಿಲ್ಲ. ಕಿತ್ತರೆ ಮತ್ತೆ ವ್ಯಾನುಗಳೆಲ್ಲ ಯಾರದೋ ಮನೆ ಮುಂದೆ ಹೋಗಿ ನಿಲ್ಲುತ್ತವೆ ಎಂದು ಅವರಿಗೆ ಗೊತ್ತಿತ್ತು. ಚುಕ್ಕಿ, ಖಾಲಿ ಸಾಲು, ಉದ್ದ, ಅಗಲದ ನಿಯಮಗಳನ್ನು ತೆಗೆದರು. ಕೆಲವನ್ನು ಬರೀ ಸೂಚನೆಯಾಗಿ ಬಿಟ್ಟರು, ತಡೆಯುವುದಿಲ್ಲ. ನಿಜವಾಗಿ ಅಪಾಯ ತರುವವನ್ನು ಮಾತ್ರ ಉಳಿಸಿಕೊಂಡರು. ತಡೆ ತೆಗೆದ ಮೇಲೆಯೇ ಪಟ್ಟಿಗೆ ಸೇರಬೇಕು ಎನ್ನುವುದಕ್ಕೆ ಒಂದು ಪರೀಕ್ಷೆ ಸೇರಿಸಿದರು. ಗೋಡೆಯ ಟಿ.ವಿ. ಇಳಿಸಿದರು. ಈಗ ಹಸಿರು ಬಿದ್ದ ಮೇಲೂ ಅವರು ಕುರ್ಚಿ ಎಳೆದುಕೊಂಡು ಬರೆದವರ ಪಕ್ಕ ಹೋಗಿ ಕೂರುತ್ತಾರೆ. "ಇದು ಯಾರಿಗೆ? ಯಾಕೆ?" ಎಂದು ಕೇಳುತ್ತಾರೆ. ಹೊಸಬರಿಗೆ ಕಿರಿಕಿರಿ. "ಯಂತ್ರವೇ ಸರಿ ಅಂದ ಮೇಲೆ ಇವರದೇನು?" ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ಅವರು ನಾದಿನಿಯ ಹೊಸ ಮನೆಗೆ ಹೋದರು. ಪುಟ್ಟ ಮನೆ, ಬಿಸಿಲು ಚೆನ್ನಾಗಿ ಬರುತ್ತದೆ, ಎಲ್ಲವೂ ಅಚ್ಚುಕಟ್ಟು. ಪೆಟ್ಟಿಗೆಗಳ ಮೇಲೆ ತಾವು ಅಂಟಿಸಿದ ಚೀಟಿಗಳಲ್ಲಿ ಒಂದೂ ಕಾಣಲಿಲ್ಲ ಎಂದರು. ನಾದಿನಿ ಟೀ ಮಾಡಿಕೊಟ್ಟಳು. ಅತ್ತಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದರು. "ಅವತ್ತು ನೀನು ಕರೆದಾಗ ನಾನು ನೋಡಬೇಕಿತ್ತು. ಯಜಮಾನರ ಮುಂದೆ ನಿನ್ನ ಪಕ್ಕ ನಿಲ್ಲಬೇಕಿತ್ತು. ಎರಡೂ ಮಾಡಲಿಲ್ಲ. ತಪ್ಪಾಯ್ತು ಕಣೇ."

"ಅಯ್ಯೋ, ಬಿಡಿ ಅತ್ತಿಗೆ. ಹಳೇ ಕಥೆ," ಎಂದಳು ನಾದಿನಿ. ಬಿಸ್ಕತ್ತಿನ ತಟ್ಟೆ ಅವರ ಹತ್ತಿರ ಸರಿಸಿದಳು.

"ಅವಳು ಬೈದಿದ್ರೆ ನಾನು ಅಲ್ಲೇ ಕೂತು ಅತ್ತುಬಿಡ್ತಿದ್ದೆ," ಎಂದು ಅತ್ತಿಗೆ ನನಗೆ ಹೇಳಿದರು. "ಅಷ್ಟು ಮೃದುವಾಗಿ ಬಿಡಿ ಅಂದುಬಿಟ್ಟಳು, ಮುಂದೆ ಮಾತಾಡೋಕೆ ಜಾಗವೇ ಇರಲಿಲ್ಲ."

ಮಾತು ಬದಲಿಸಲು ಹೊಸ ಕೆಲಸ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆಯಂತೆ. ಅಲ್ಲೂ ಕಮಿಟ್ ಮಾಡುವ ಮುಂಚೆ ಯಂತ್ರ ಪರೀಕ್ಷೆ ಮಾಡುತ್ತದಂತೆ, ನಮ್ಮದಕ್ಕಿಂತ ನಾಲ್ಕು ಪಟ್ಟು ಬಿಗಿ. "ಅದನ್ನ ನೋಡಿಕೊಳ್ಳೋದು ನಾನೇ ಈಗ," ಎಂದಳಂತೆ ನಾದಿನಿ. ಅತ್ತಿಗೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಕೋಚ ಬಿಟ್ಟು, "ಏನಾದ್ರೂ ಓದಿ ನೋಡೋದಿದ್ರೆ ಹೇಳು, ನಾನು ಬಿಡುವಾಗೇ ಇರ್ತೀನಿ," ಎಂದರು. ನಾದಿನಿ ಟೀ ಲೋಟ ಎತ್ತಿಕೊಂಡು ಎದ್ದಳು. "ಬ್ಯಾಂಕಿನದು ಹೊರಗಿನವರಿಗೆ ತೋರಿಸೋ ಹಾಗಿಲ್ಲ ಅತ್ತಿಗೆ."

ಇದಾಗಿ ಕೆಲವು ವರ್ಷಗಳಾದವು. ಅತ್ತಿಗೆ ಇನ್ನೂ ಇಲ್ಲೇ ಇದ್ದಾರೆ. ತಲೆಕೂದಲು ಪೂರ್ತಿ ಬೆಳ್ಳಗಾಗಿದೆ. ದರ್ಜಿಯ ಹೆಸರು ಬಹಳ ಕಾಲ ನಮ್ಮ ಪಟ್ಟಿಯಲ್ಲಿತ್ತು. ಗಾಲಿಕುರ್ಚಿ ಹಿಡಿಯುವ ವ್ಯಾನನ್ನೇ ಅವರ ಮನೆಗೆ ಕಳಿಸುತ್ತಿದ್ದೆವು. ಅವರ ಸರದಿ ಇದ್ದ ದಿನ ಅತ್ತಿಗೆ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, "ಹತ್ತಿದ್ರಾ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಹೋದ ವರ್ಷ ದರ್ಜಿ ತೀರಿಕೊಂಡರು. ವಯಸ್ಸಾಗಿತ್ತು, ಬೇರೆ ಕಾಯಿಲೆಗಳೂ ಇದ್ದವು. ಅದಕ್ಕೂ ನಮ್ಮ ವ್ಯಾನಿಗೂ ಸಂಬಂಧವಿಲ್ಲವೆಂದು ಎಲ್ಲರೂ ಹೇಳಿದರು. ಅತ್ತಿಗೆ ಕೇಳಿಸಿಕೊಂಡರು, ತಲೆಯಾಡಿಸಲಿಲ್ಲ.

ಈಚೆಗೆ ಊಟದ ಹೊತ್ತಿನಲ್ಲಿ ನಾನೇ ಬಾಯಿ ಬಿಟ್ಟು ಕೇಳಿದೆ, ಈಗ ನಾದಿನಿ ಜೊತೆ ಮಾತುಕತೆ ಇದೆಯಾ ಎಂದು.

"ಇದೆ," ಎಂದರು. "ಇಲ್ಲದೆ ಏನು? ಪ್ರತಿ ಭಾನುವಾರ ಬರ್ತಾಳೆ, ಅಮ್ಮನ್ನ ನೋಡೋಕೆ. ಬರೋವಾಗ ಹಣ್ಣು ತರ್ತಾಳೆ."

"ಒಳ್ಳೇದೇ ಆಯ್ತಲ್ಲ," ಎಂದೆ.

"ಹೂಂ. ಮೊದಲೆಲ್ಲ ಬರಿಗೈಲಿ ಇಳಿದು ಬಂದು ನಮ್ಮ ತಟ್ಟೆಯಿಂದಲೇ ಎತ್ತಿ ತಿಂತಿದ್ದಳು. ಈಗ ಹಣ್ಣು ತಂದು ಕೈಗೆ ಕೊಟ್ಟು, ಒಳಗೆ ಬರಲಾ ಅಂತ ಕೇಳ್ತಾಳೆ," ಎಂದು ಅತ್ತಿಗೆ ತುತ್ತನ್ನು ಡಬ್ಬಿಗೇ ಹಾಕಿ ಮುಚ್ಚಳ ಮುಚ್ಚಿದರು.